ಎರಡು ದಿನದಿಂದ ಕರೆಂಟಿಲ್ಲ, ಕಾರಿನಲ್ಲಿ 11 ಪರ್ಸೆಂಟ್

ಮೊನ್ನೆ ರಾತ್ರಿ ಎಂಟೂವರೆಗೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ನಮ್ಮ ಮನೆಯ ಮೇಲಿನ ತಿರುವಿನಲ್ಲಿ ಮರ ಬಿದ್ದು ಎರಡು ಕಂಬ ಮುರಿದಿವೆ. ಇನ್ವರ್ಟರ್ ನಿನ್ನೆ ಮಧ್ಯಾಹ್ನವೇ ಸತ್ತಿತು. ಫೋನಿನಲ್ಲಿ ಉಳಿದಿರುವ ಚಾರ್ಜಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಲೈನ್‌ಮನ್‌ಗಳಿಗೆ ಬೈಯುವ ಮನಸ್ಸು ನನಗಿಲ್ಲ. ಆ ಹುಡುಗರು ಈ ಮಳೆಯಲ್ಲಿ, ಕಾಲಿಗೆ ಉಂಬಳ ಹತ್ತಿಸಿಕೊಂಡು, ಕಂಬ ಹೊತ್ತು ಗುಡ್ಡ ಏರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಶಿರಸಿ ಕಡೆ ಮಳೆಗಾಲ ಅಂದರೆ ಹೀಗೆಯೇ. ಕರೆಂಟ್ ಲೈನು ಕಾಡಿನ ಮಧ್ಯೆ, ತೋಟದ ಅಂಚಲ್ಲಿ ಬರುತ್ತದೆ. ಗಾಳಿ ಬೀಸಿದರೆ ಹೋಗುತ್ತದೆ. ನಮಗೆ ಅದು ರೂಢಿ. ನನ್ನ ಸಿಟ್ಟು ಅಂಗಳದ ಮಾಡಿನ ಕೆಳಗೆ ನಿಂತಿರುವ ಎಲೆಕ್ಟ್ರಿಕ್ ಕಾರಿನ ಮೇಲೆ. ಅದನ್ನು ನನಗೆ ಮಾರಿದವರ ಮೇಲೆ. ಅವರ ಮಾತು ಕೇಳಿ ಸಹಿ ಹಾಕಿದ ನನ್ನ ಮೇಲೆ.

ಕಾರಿನಲ್ಲಿ ಈಗ 11 ಪರ್ಸೆಂಟ್ ಚಾರ್ಜ್ ಇದೆ. ನಾಳೆ ಬೆಳಿಗ್ಗೆ ಆಯಿಯನ್ನು, ಅಂದರೆ ಅಮ್ಮನನ್ನು, ಶಿರಸಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹೋಗಲು 16 ಕಿಲೋಮೀಟರ್, ಬರಲು 16. ಹೋಗಬಹುದು, ವಾಪಸ್ ಬರುವ ಗ್ಯಾರಂಟಿ ಇಲ್ಲ. ಹದಿಮೂರು ಲಕ್ಷ ಕೊಟ್ಟು ತಂದ ಗಾಡಿ, 32 ಕಿಲೋಮೀಟರಿಗೆ ಲೆಕ್ಕ ಹಾಕುತ್ತಾ ಕೂತಿದ್ದೇನೆ.

2025ರ ಅಕ್ಷಯ ತದಿಗೆಯ ಹೊತ್ತಿಗೆ ತಗೊಂಡದ್ದು. ಹಳೆ ಪೆಟ್ರೋಲ್ ಕಾರು ಹನ್ನೊಂದು ವರ್ಷ ಓಡಿತ್ತು, ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟೆವು. ಡೌನ್ ಪೇಮೆಂಟಿಗೆ ಅಪ್ಪಯ್ಯ ಆ ವರ್ಷದ ಚಾಲಿ ಅಡಿಕೆ ಮಾರಿದ ದುಡ್ಡು ಕೊಟ್ಟರು. ಅಡಿಕೆ ಬೆಳೆಯುವವರಿಗೆ ಗೊತ್ತು, ಕೊಳೆ ರೋಗಕ್ಕೆ ಅರ್ಧ ಹೋಗಿ ಉಳಿದ ಅರ್ಧವನ್ನು ಕೊಯ್ದು, ಒಣಗಿಸಿ, ಸುಲಿಸಿ, ಮಾರುವ ಹೊತ್ತಿಗೆ ಆ ದುಡ್ಡು ಎಷ್ಟು ಜನರ ಬೆವರು ಅಂತ. ಅಪ್ಪಯ್ಯ ಒಂದು ಮಾತೂ ಆಡದೆ ಕೊಟ್ಟರು. ಹೆಂಡತಿ ಮಾತ್ರ ಪೆಟ್ರೋಲೇ ಸಾಕು ಅಂದಿದ್ದಳು. ನಾನು ಕೇಳಲಿಲ್ಲ.

ಹುಬ್ಬಳ್ಳಿಯ ಶೋರೂಮಿನಲ್ಲಿ ನಾನು ಬಾಯಿಬಿಟ್ಟೇ ಕೇಳಿದ್ದೆ. ನಮ್ಮದು ಹಳ್ಳಿ, ಮಳೆಗಾಲದಲ್ಲಿ ಕರೆಂಟ್ ಇರಲ್ಲ, ಸಂಜೆ ಲೋ ವೋಲ್ಟೇಜ್, ಘಟ್ಟ ಹತ್ತಿ ಇಳಿಯಬೇಕು, ಇದು ನಮಗೆ ಆಗುತ್ತಾ ಅಂತ. ಆ ಹುಡುಗ ಹೇಳಿದ್ದು ಇಷ್ಟು: 'ಸಾರ್, ಮೊಬೈಲ್ ಚಾರ್ಜ್ ಮಾಡಿದ ಹಾಗೆ. ರಾತ್ರಿ ಹಾಕಿ, ಬೆಳಿಗ್ಗೆ ತೆಗೀರಿ. 300ರ ಮೇಲೆ ಓಡುತ್ತೆ.' ಟೆಸ್ಟ್ ಡ್ರೈವ್ ಕೊಟ್ಟದ್ದು ಬೈಪಾಸಿನಲ್ಲಿ. ಸಪಾಟಾದ ರಸ್ತೆ, ಹತ್ತು ನಿಮಿಷ. ಶಬ್ದವಿಲ್ಲ, ಹೊಗೆಯಿಲ್ಲ, ಕಾಲಿಟ್ಟರೆ ಹಾರುತ್ತದೆ. ಯಾರಿಗೆ ಇಷ್ಟವಾಗಲ್ಲ ಹೇಳಿ?

ಆ 300 ಕಿಲೋಮೀಟರ್ ಹೇಗೆ ಬಂತು ಅಂತ ನನಗೆ ಆಮೇಲೆ ಗೊತ್ತಾಯಿತು. ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಗಾಲಿ ತಿರುಗಿಸಿ ತೆಗೆಯುವ ಲೆಕ್ಕ ಅದು. ಅಲ್ಲಿ ಘಟ್ಟವಿಲ್ಲ, ಮಳೆಯಿಲ್ಲ, ಹೊಂಡವಿಲ್ಲ. ನಮ್ಮಲ್ಲಿ ಮಳೆ ಬಂತೆಂದರೆ ಗಾಜಿಗೆ ಮಂಜು ಹಿಡಿಯುತ್ತದೆ, ಏಸಿ ಹಾಕದೆ ಮುಂದೆ ಏನೂ ಕಾಣಲ್ಲ. ವೈಪರ್, ಲೈಟು ಎಲ್ಲ ಹಗಲಲ್ಲೂ ಬೇಕು. ನನ್ನ ಕಾರಿನ ಬ್ಯಾಟರಿ 30 ಯುನಿಟ್ಟಿನದು. ಒಂದು ಯುನಿಟ್ಟಿಗೆ ಏಳು ಕಿಲೋಮೀಟರ್ ಸಿಕ್ಕರೆ ಪುಣ್ಯ. ಅಂದರೆ ಪೂರ್ತಿ ತುಂಬಿಸಿದರೂ 200 ದಾಟುವುದು ಕಷ್ಟ. ಕಾರು ತಗೊಂಡ ಮೇಲೆ ಕೇಳಿದ್ದಕ್ಕೆ, 'ಸಾರ್, ಅದು ಡ್ರೈವಿಂಗ್ ಸ್ಟೈಲ್ ಮೇಲೆ ಹೋಗುತ್ತೆ' ಅಂದರು. ಇಪ್ಪತ್ತು ವರ್ಷದಿಂದ ಈ ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದೇನೆ. ನನ್ನ ಡ್ರೈವಿಂಗ್ ಸರಿಯಿಲ್ಲವಂತೆ!

ಮೊಬೈಲ್ ಚಾರ್ಜ್ ಮಾಡಿದ ಹಾಗೆ ಅಂದರಲ್ಲ, ಅದರ ಕಥೆ ಕೇಳಿ. ಚಾರ್ಜಿಂಗ್ ಪೆಟ್ಟಿಗೆ ಗೋಡೆಗೆ ಹೊಡೆದು ಪ್ಲಗ್ ಚುಚ್ಚಿದರೆ ಕೆಂಪು ಲೈಟು. ಅರ್ಥಿಂಗ್ ಸರಿಯಿಲ್ಲ, ಚಾರ್ಜ್ ಆಗಲ್ಲ. ಪೆಟ್ಟಿಗೆ ಹಾಕಲು ಬಂದವನು ಅದು ನಮ್ಮ ಕೆಲಸವಲ್ಲ ಅಂತ ಹೊರಟೇಬಿಟ್ಟ. ಊರಿನ ಎಲೆಕ್ಟ್ರಿಷಿಯನ್ ಬಂದು ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಪೈಪು ಹುಗಿದ. ಹಸಿರು ಲೈಟು ಬಂತು. ಬೇಸಿಗೆಯಲ್ಲಿ ನೆಲ ಒಣಗಿದ್ದೇ ಮತ್ತೆ ಕೆಂಪು. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ದಿನಾ ಸಂಜೆ ಬಾವಿಯಿಂದ ಎರಡು ಕೊಡ ನೀರು ತಂದು ಆ ಗುಂಡಿಗೆ ಹೊಯ್ಯಬೇಕು. ಬಾವಿಯಲ್ಲಿ ನೀರು ತಳ ಮುಟ್ಟಿರುವ ತಿಂಗಳು ಅದು. ಆಯಿ ತುಳಸಿಗೆ ಅಳೆದು ನೀರು ಹಾಕುತ್ತಿರುತ್ತಾಳೆ, ನಾನು ಕಾರಿಗಾಗಿ ಮಣ್ಣಿಗೆ ಕೊಡಗಟ್ಟಲೆ ಹೊಯ್ಯುತ್ತಿರುತ್ತೇನೆ. ಅವಳ ಮುಖ ನೋಡಲು ಆಗಲ್ಲ.

ಸರಿ, ಅದೂ ಆಯಿತು. 15 ಆಂಪ್ಸ್ ಪ್ಲಗ್ಗಿನಲ್ಲಿ ಒಳ್ಳೆ ಕರೆಂಟ್ ಇದ್ದರೆ ತುಂಬಲು ಹತ್ತು ಹನ್ನೊಂದು ಗಂಟೆ. ಒಳ್ಳೆ ಕರೆಂಟ್ ಇದ್ದರೆ! ಸುತ್ತಲಿನ ತೋಟದ ಪಂಪ್‌ಸೆಟ್ಟುಗಳೆಲ್ಲ ಶುರುವಾದರೆ ನಮ್ಮ ಮನೆಯ ಟ್ಯೂಬ್‌ಲೈಟೇ ಮಿಣುಕುತ್ತದೆ, ಕಾರಿಗೆಲ್ಲಿಂದ ಬರಬೇಕು? ವೋಲ್ಟೇಜ್ ಇಳಿದಾಗ ಚಾರ್ಜಿಂಗ್ ಪೆಟ್ಟಿಗೆ ತಾನೇ ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೋಗಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇನ್ವರ್ಟರಿನಿಂದ ಚಾರ್ಜ್ ಮಾಡಿ ಅಂತ ಸಲಹೆ ಕೊಡುವವರು ಬೇರೆ. ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಒಂದೂವರೆ ಯುನಿಟ್ ಇದ್ದರೆ ಹೆಚ್ಚು. ಕಾರಿಗೆ ಬೇಕಾದ್ದು 30.

ನನಗೆ ಇನ್ನೂ ಮನಸ್ಸಿನಿಂದ ಹೋಗದ ದಿನ ಅಂದರೆ ಕುಮಟೆಗೆ ಹೋದ ದಿನ. ಆಯಿಗೆ ಮಂಡಿನೋವು. ಕುಮಟೆಯಲ್ಲಿ ಡಾಕ್ಟರಿಗೆ ತೋರಿಸಿ, ಹೊನ್ನಾವರದಲ್ಲಿ ಅಕ್ಕನ ಮನೆಗೆ ಹೋಗಿ ಬರುವುದು ಅಂತ ಮಾಡಿದ್ದೆವು. ರಾತ್ರಿ ಕರೆಂಟ್ ಹೋಗಿ ಕಾರು ತುಂಬಿದ್ದು 74 ಪರ್ಸೆಂಟ್. ಕುಮಟೆಯಲ್ಲಿ ಫಾಸ್ಟ್ ಚಾರ್ಜರ್ ಇದೆಯಲ್ಲ, ಅರ್ಧ ಗಂಟೆಯ ಕೆಲಸ ಅಂತ ಧೈರ್ಯ ಮಾಡಿ ಹೊರಟೆ.

ದೇವಿಮನೆ ಘಟ್ಟ ಇಳಿಯುವಾಗ ಇದು ಒಳ್ಳೆಯ ಗಾಡಿ. ಸುಳ್ಳು ಹೇಳಲ್ಲ. ಬ್ರೇಕ್ ತುಳಿಯುವುದೇ ಬೇಡ, ಕಾಲು ತೆಗೆದರೆ ತಾನೇ ನಿಧಾನವಾಗುತ್ತದೆ, ಇಳಿಯುತ್ತಾ ಸ್ವಲ್ಪ ಚಾರ್ಜೂ ಆಗುತ್ತದೆ. ಆದರೆ ಇಳಿದ ಘಟ್ಟವನ್ನು ಹತ್ತಲೇಬೇಕಲ್ಲ? ಇಳಿಯುವಾಗ ಕೊಟ್ಟದ್ದಕ್ಕಿಂತ ಜಾಸ್ತಿ ಹತ್ತುವಾಗ ಕಿತ್ತುಕೊಳ್ಳುತ್ತದೆ. ಹೊನ್ನಾವರಕ್ಕೆ ಹೋಗಿ ಕುಮಟೆಗೆ ವಾಪಸ್ ಬಂದಾಗ 26 ಉಳಿದಿತ್ತು. ಮನೆ ಮುಟ್ಟಲು 40ರ ಮೇಲೆ ಬೇಕು.

ಚಾರ್ಜರ್ ಹತ್ತಿರ ಹೋದರೆ ಪರದೆ ಕಪ್ಪು. ಆ್ಯಪಿನಲ್ಲಿ ಮಾತ್ರ ಹಸಿರು ಚುಕ್ಕಿ, ಖಾಲಿ ಇದೆ ಬನ್ನಿ ಅಂತ. ಅಲ್ಲಿದ್ದ ಕಾವಲುಗಾರ, 'ಅದು ಹಾಳಾಗಿ ವಾರ ಆಯ್ತು' ಅಂದ. ಇನ್ನೊಂದಕ್ಕೆ ಬೇರೆಯೇ ಆ್ಯಪ್. ಅದಕ್ಕೆ ಮೊದಲು 500 ರೂಪಾಯಿ ಹಾಕಬೇಕು. ಹಾಕಿದೆ. ಹೋದರೆ ಗೋಕರ್ಣಕ್ಕೆ ಹೊರಟ ಟೂರಿಸ್ಟರ ಎರಡು ಕಾರು ಕ್ಯೂನಲ್ಲಿ. ಕಾದೆವು. ಎರಡನೇ ಕಾರು ಅರ್ಧ ತುಂಬುವಷ್ಟರಲ್ಲಿ ಆ ಮಷಿನ್ನೂ ನಿಂತಿತು. ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಹಿಂದಿಯಲ್ಲಿ ರೀಸ್ಟಾರ್ಟ್ ಮಾಡುತ್ತೇವೆ ಅಂದರು. ಆಗಲಿಲ್ಲ. ಆ 500 ಇವತ್ತಿಗೂ ಆ ಆ್ಯಪಿನಲ್ಲೇ ಇದೆ.

ಕೊನೆಗೆ ಪರಿಚಯದ ಅಂಗಡಿಯವರೊಬ್ಬರು ಗೋಡೌನಿನ ಪ್ಲಗ್ ಕೊಟ್ಟರು. ಮಧ್ಯಾಹ್ನ ಒಂದರಿಂದ ಐದರವರೆಗೆ, ನಾಲ್ಕು ಗಂಟೆ. ಮೇ ತಿಂಗಳ ಕುಮಟೆ ಸೆಕೆ ಗೊತ್ತಲ್ಲ? ಮೈಗೆ ಅಂಟುತ್ತದೆ. ಅಂಗಡಿಯೊಳಗೆ ಕೂರಿ ಅಂತ ಅವರು ಕರೆದರು, ಆದರೆ ಆಯಿಗೆ ಮೂರು ಮೆಟ್ಟಿಲು ಹತ್ತಲು ಆಗುವುದಿಲ್ಲ. ಅದಕ್ಕೇ ಅಲ್ಲವಾ ಡಾಕ್ಟರ ಹತ್ತಿರ ಬಂದಿದ್ದು. ಚಾರ್ಜ್ ವ್ಯರ್ಥವಾಗುತ್ತದೆ ಅಂತ ಏಸಿ ಹಾಕುವ ಹಾಗಿಲ್ಲ. ಬಾಗಿಲು ತೆರೆದಿಟ್ಟುಕೊಂಡು ಕಾರಿನಲ್ಲೇ ಕೂತಳು. ಎಕ್ಸ್‌ರೇ ಕವರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅಂಗಡಿಯವರು ತಂದುಕೊಟ್ಟ ಕೋಕಂ ಪಾನಕ ಅರ್ಧ ಕುಡಿದು, ಉಳಿದರ್ಧ ನನ್ನ ಕೈಗೆ ಕೊಟ್ಟಳು. 'ತಮಾ, ನೀನೂ ಕುಡಿ' ಅಂದಳು. ಬೈದಿದ್ದರೆ ಒಳ್ಳೆಯದಿತ್ತು. ಒಂದು ಮಾತು ಬೈಯಲಿಲ್ಲ.

ಘಟ್ಟ ಹತ್ತುವಾಗ ಏಸಿ ಬಂದ್, ಸ್ಪೀಡು ನಲವತ್ತು. ಹಿಂದಿನ ಲಾರಿಯವರು ಹಾರ್ನ್ ಹೊಡೆಯುತ್ತಾ ದಾಟಿ ಹೋದರು. ನನ್ನ ಕಣ್ಣು ರಸ್ತೆಗಿಂತ ಆ ಪರ್ಸೆಂಟ್ ಮೇಲೇ ಜಾಸ್ತಿ ಇತ್ತು. ಮನೆ ಮುಟ್ಟಿದಾಗ ರಾತ್ರಿ ಎಂಟು. 17 ಪರ್ಸೆಂಟ್.

ಆ ದಿನ ಘಟ್ಟದ ರಸ್ತೆ ಬಂದ್ ಆಗಿದ್ದರೆ ಏನು ಮಾಡುತ್ತಿದ್ದೆ? ನಮ್ಮಲ್ಲಿ ಅದು ಹೊಸದಲ್ಲ. ರಸ್ತೆ ಅಗಲ ಮಾಡುವ ಕೆಲಸಕ್ಕೆ, ಗುಡ್ಡ ಜರಿದದ್ದಕ್ಕೆ ದೇವಿಮನೆ ಎಷ್ಟು ಸಲ ಬಂದ್ ಆಗಿಲ್ಲ? ಆಗ ಸಿದ್ದಾಪುರದ ಮೇಲೆ ದೊಡ್ಮನೆ ಘಟ್ಟ ಇಳಿಯಬೇಕು, ಇಲ್ಲ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿಯಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತಾಗ ಕಾರವಾರದ ಕಡೆಗೆ ಹೋಗುವವರು ಹೇಗೆ ಸುತ್ತಿದರು ಅಂತ ನೆನಪಿದೆಯಲ್ಲ? ಆಗ ನನ್ನ ಹತ್ತಿರ ಹಳೆ ಕಾರಿತ್ತು. ಸುತ್ತು ಎಷ್ಟೇ ಇರಲಿ, ದಾರಿಯಲ್ಲಿ ಪೆಟ್ರೋಲ್ ಬಂಕ್ ಸಿಗುತ್ತಿತ್ತು, ಐದು ನಿಮಿಷದಲ್ಲಿ ಹೊರಡುತ್ತಿದ್ದೆ. ಈಗ ರಸ್ತೆ ಬಂದ್ ಅಂತ ಸುದ್ದಿ ಕೇಳಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಇನ್ನೊಂದು ಬೆಳಿಗ್ಗೆ ಕಾರು ಎದ್ದೇಳಲೇ ಇಲ್ಲ. ದೊಡ್ಡ ಬ್ಯಾಟರಿಯಲ್ಲಿ 68 ಪರ್ಸೆಂಟ್ ಇತ್ತು. ಆದರೆ ಇದರೊಳಗೆ ಪೆಟ್ರೋಲ್ ಕಾರಿನಲ್ಲಿರುವಂಥದ್ದೇ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ಅದು ಸತ್ತರೆ ಉಳಿದದ್ದೆಲ್ಲ ಸತ್ತ ಹಾಗೆ. ಮಾರುವಾಗ ಇದನ್ನು ಒಬ್ಬರೂ ಹೇಳಿರಲಿಲ್ಲ. ಹನ್ನೊಂದು ವರ್ಷ ನನ್ನ ಹಳೆ ಕಾರು ನೋಡಿಕೊಂಡ ಮೆಕ್ಯಾನಿಕ್ ಬಂದು, ಬಾನೆಟ್ ತೆಗೆದು, ಕಿತ್ತಳೆ ಬಣ್ಣದ ದಪ್ಪ ವಯರು ನೋಡಿ ಹಿಂದೆ ಸರಿದ. 'ಭಟ್ರೇ, ಇದಕ್ಕೆ ನಾ ಕೈ ಹಾಕೂದಿಲ್ಲ. ವಾರಂಟಿ ಹೋದ್ರೆ ನನ್ನ ಮೇಲೆ ಬರ್ತದೆ' ಅಂದ. ಅವನದು ತಪ್ಪಲ್ಲ. ಹುಬ್ಬಳ್ಳಿಯಿಂದ ಜನ ಬರಲು ಮೂರು ದಿನ.

ಬಿಲ್ಲಿನ ವಿಷಯ ಹೇಳಲೇಬೇಕು. ನಮ್ಮ ಮನೆಗೆ ತಿಂಗಳಿಗೆ 90 ಯುನಿಟ್ ಸಾಕಾಗುತ್ತಿತ್ತು. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ. ಕಾರು ಸೇರಿದ ಮೇಲೆ 200 ದಾಟಿತು. 200 ದಾಟಿದರೆ ಹೆಚ್ಚಾದ ಯುನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಎರಡು ಸಾವಿರದ ಹತ್ತಿರ ಬಂತು. ಪೆಟ್ರೋಲಿಗೆ ಹೋಗುತ್ತಿದ್ದುದಕ್ಕಿಂತ ಕಡಿಮೆಯೇ, ಒಪ್ಪುತ್ತೇನೆ. ಆದರೆ ಶೋರೂಮಿನವರು ಕಾಗದದ ಮೇಲೆ ಬರೆದು ತೋರಿಸಿದ ಉಳಿತಾಯದ ಲೆಕ್ಕದಲ್ಲಿ ಇದೆಲ್ಲಿತ್ತು? ಅರ್ಥಿಂಗಿನ ಖರ್ಚೆಲ್ಲಿತ್ತು? ಜಾಸ್ತಿ ಇನ್ಶೂರೆನ್ಸ್ ಎಲ್ಲಿತ್ತು?

ಅದರ ಮೇಲೆ 2025ರ ಸೆಪ್ಟೆಂಬರ್ 22. ಸಣ್ಣ ಪೆಟ್ರೋಲ್ ಕಾರುಗಳ ಮೇಲೆ ಸೆಸ್ ಸೇರಿ 29 ಪರ್ಸೆಂಟ್ ಇದ್ದ ತೆರಿಗೆ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಕಾರಿಗೆ ಮೊದಲಿದ್ದ 5 ಹಾಗೆಯೇ ಉಳಿಯಿತು. ನಾನು ಬೇಡ ಅಂತ ಬಿಟ್ಟ ಹತ್ತು ಲಕ್ಷದ ಪೆಟ್ರೋಲ್ ಕಾರು, ಐದು ತಿಂಗಳು ಕಾದಿದ್ದರೆ ಸುಮಾರು 85 ಸಾವಿರ ಕಡಿಮೆಗೆ ಸಿಗುತ್ತಿತ್ತು. ಆ ದಿನ ಟಿವಿಯಲ್ಲಿ ಸುದ್ದಿ ಬರುವಾಗ ಹೆಂಡತಿ ಎದ್ದು ಒಳಗೆ ಹೋದಳು. ನಾನು ಚಾನೆಲ್ ಬದಲಿಸಿದೆ.

ಮಾರಿಬಿಡೋಣ ಅಂತ ಶೋರೂಮಿನವರನ್ನೇ ಕೇಳಿ ನೋಡಿದೆ. ವರ್ಷವಷ್ಟೇ ಆದ ಕಾರಿಗೆ ಅವರು ಹೇಳಿದ ರೇಟು, ಬ್ಯಾಂಕಿಗೆ ನಾನು ಇನ್ನೂ ಕೊಡಬೇಕಾದ ಸಾಲಕ್ಕಿಂತ ಕಡಿಮೆ. ಹಳೆ ಬ್ಯಾಟರಿ ಗಾಡಿ ಈ ಕಡೆ ಯಾರೂ ತಗೊಳ್ಳಲ್ಲ ಸಾರ್ ಅಂದರು. ಇದನ್ನು ಮಾರುವಾಗ ಇಲ್ಲದ 'ಈ ಕಡೆ', ವಾಪಸ್ ತಗೊಳ್ಳುವಾಗ ಎಲ್ಲಿಂದ ಬಂತು?

ಹುಬ್ಬಳ್ಳಿ, ಬೆಂಗಳೂರಿನಲ್ಲಿ ಇದೇ ಕಾರು ಓಡಿಸಿ ಸುಖವಾಗಿರುವವರು ಇದ್ದಾರೆ. ಅವರ ಸುಖದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾರು ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ. ನನ್ನ ಊರು ಯಾವುದು, ಕರೆಂಟ್ ಹೇಗೆ, ರಸ್ತೆ ಹೇಗೆ ಅಂತ ಬಿಡಿಸಿ ಹೇಳಿ ಕೇಳಿದ್ದೆ. ಆ ಪ್ರಶ್ನೆಗೆ ಒಬ್ಬನಾದರೂ, 'ನಿಮ್ಮ ಊರಿಗೆ ಇನ್ನೂ ಸ್ವಲ್ಪ ವರ್ಷ ಬೇಡ' ಅನ್ನಬಹುದಿತ್ತು. ಒಬ್ಬನೂ ಅನ್ನಲಿಲ್ಲ.

ಈಗ ಹತ್ತೂಕಾಲು ಗಂಟೆ. ಸಂಜೆ ಪಕ್ಕದ ಮನೆಯವರ ಹತ್ತಿರ ಹೋಗಿ ಕೇಳಿ ಬಂದೆ. ಅವರ ಹಳೆ ಓಮ್ನಿ ಬೆಳಿಗ್ಗೆ ಎಂಟಕ್ಕೆ ನಮ್ಮ ಅಂಗಳಕ್ಕೆ ಬರುತ್ತದೆ. ಆಯಿಗೆ ಅದರ ಮೆಟ್ಟಿಲು ಎತ್ತರ, ಅವಳಿಗೆ ಹತ್ತಲು ಅನುಕೂಲವಾಗಲಿ ಅಂತ ಅಪ್ಪಯ್ಯ ಮಣೆ ಹುಡುಕಿ ಜಗಲಿಯಲ್ಲಿ ಇಟ್ಟಿದ್ದಾರೆ.