ಲೈಟು ಬೇಕು, ಕರೆಂಟಿನ ಮಾತು ಮಾತ್ರ ಬೇಡ!

ಹಬ್ಬದ ಮೆರವಣಿಗೆಗೆ ಟ್ಯಾಬ್ಲೊ ಕಟ್ಟೋ ನಮ್ಮ ತಂಡದ ಮೇಲೆ ನನಗೆ ಬಂದಿರೋ ಸಿಟ್ಟು ಇನ್ನೂ ಇಳಿದಿಲ್ಲ. ವಿನ್ಯಾಸಕ್ಕೆ ವಾರಗಟ್ಟಲೆ ಸಭೆ. ಥರ್ಮಕೋಲಿಗೆ ಯಾವ ಬಣ್ಣ, ಮಕ್ಕಳಿಗೆ ಯಾವ ವೇಷ, ಎಲ್ಲದಕ್ಕೂ ಗಂಟೆಗಟ್ಟಲೆ ಚರ್ಚೆ. ಅಷ್ಟು ಲೈಟಿಗೆ ಕರೆಂಟ್ ಎಲ್ಲಿಂದ ಅನ್ನೋ ಪ್ರಶ್ನೆ ಮಾತ್ರ ಗಾಡಿ ಹೊರಡೋ ಹಿಂದಿನ ಸಂಜೆ ಏಳುತ್ತೆ. "ಅದೇನು ಮಹಾ, ಒಂದು ಬ್ಯಾಟರಿ ಇಟ್ಟು ಇನ್ವರ್ಟರ್ ಸಿಕ್ಕಿಸಿ" ಅಂತಾರೆ. ಮಧ್ಯದಾರಿಯಲ್ಲಿ ಲೈಟ್ ಆರಿದರೆ ಎಲ್ಲರ ಬೆರಳೂ ವೈರಿಂಗ್ ಮಾಡಿದ ನನ್ನ ಕಡೆಗೇ!

ಒಂದು ಬ್ಯಾಟರಿ ಅಂದರೆ ಎಷ್ಟು ಅಂತ ಒಬ್ಬರಾದರೂ ಲೆಕ್ಕ ಹಾಕಿದ್ದಾರಾ? 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1200 ವ್ಯಾಟ್-ಅವರ್ ಇರುತ್ತೆ, ಅಂದರೆ 1200 ವ್ಯಾಟಿನ ಲೋಡನ್ನು ಒಂದು ಗಂಟೆ ಓಡಿಸೋವಷ್ಟು. ಬ್ಯಾಟರಿ ಹಾಳಾಗಬಾರದು ಅಂದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಇನ್ವರ್ಟರ್ ತನ್ನ ಪಾಲು ನುಂಗಿದ ಮೇಲೆ ಕೈಗೆ ಸಿಗೋದು ಸುಮಾರು 500 ವ್ಯಾಟ್-ಅವರ್. 300 ವ್ಯಾಟಿನ ಅಲಂಕಾರಕ್ಕೆ ಅದು ಎರಡು ಗಂಟೆಯೂ ಬರಲ್ಲ. ಮೆರವಣಿಗೆ ಶುರುವಾಗೋ ಮೊದಲು ಸಾಲಿನಲ್ಲಿ ನಿಂತು ಕಾಯೋ ಹೊತ್ತು ಇದೆಯಲ್ಲ, ಆಗಲೇ ಫೋಟೋಗೆ ಅಂತ ಎಲ್ಲ ಲೈಟೂ ಹಾಕಿಸ್ತಾರೆ. ಆರಿಸಿ ಅಂದರೆ ನಾನು ಕೆಟ್ಟವನು.

ಇನ್ನೊಬ್ಬರು ಗಾಡಿಯ ಸಿಗರೇಟ್ ಲೈಟರ್ ಸಾಕೆಟ್ಟಿಗೇ ಚುಚ್ಚಿ ಅಂತಾರೆ. ಅದರ ಫ್ಯೂಸ್ 10 ಆಂಪಿಯರ್ ಆಗಿದ್ದರೆ ಸುಮಾರು 120 ವ್ಯಾಟಿಗಿಂತ ತುಂಬ ಹೆಚ್ಚು ಎಳೆದರೆ ಹಾರುತ್ತೆ. ಸಾವಿರ ವ್ಯಾಟ್ ಅಂತ ಬರೆದಿರೋ ಇನ್ವರ್ಟರ್ ತಂದುಕೊಟ್ಟು ಬೀಗೋರೂ ಇದ್ದಾರೆ. ಅದು ಪೂರ್ತಿ ಲೋಡಿಗೆ ಬ್ಯಾಟರಿಯಿಂದ 80 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತೆ. ಅದಕ್ಕೆ ದಪ್ಪ ಕೇಬಲ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ಕೊಡೋದು ಬೆರಳು ಗಾತ್ರವೂ ಇಲ್ಲದ ವೈರು. ಅಗ್ಗದ ಮಾಡಿಫೈಡ್ ಸೈನ್ ವೇವ್ ಇನ್ವರ್ಟರ್ (ಮನೆಯ ಕರೆಂಟಿನಷ್ಟು ನಯವಲ್ಲದ, ಮೆಟ್ಟಿಲು ಮೆಟ್ಟಿಲಾದ ಕರೆಂಟ್ ಕೊಡೋದು) ಆದರೆ ಕೆಲವು ಸೀರಿಯಲ್ ಸೆಟ್‌ಗಳು ಮಿನುಗುತ್ತವೆ, ಅಡಾಪ್ಟರ್ ಗುಂಯ್‌ಗುಡುತ್ತೆ, ಕೆಲವು ಸುಟ್ಟೇ ಹೋಗುತ್ತವೆ.

ಎಲ್‌ಇಡಿ ಓಡೋದೇ ಡಿಸಿಯಲ್ಲಿ, ಅಂದರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟಿನಲ್ಲಿ. ಬ್ಯಾಟರಿ ಕೊಡೋದೂ ಡಿಸಿ. ಇನ್ವರ್ಟರ್ ಅದನ್ನು ಮನೆಯ ಕರೆಂಟಿನಂಥ ಎಸಿ ಮಾಡುತ್ತೆ ಅಷ್ಟೇ. ಮೊದಲೇ ಕೇಳಿದ್ದರೆ 12 ವೋಲ್ಟಿನ ಸ್ಟ್ರಿಪ್ ತರಿಸಿ, ಫ್ಯೂಸ್ ಹಾಕಿ ನೇರ ಜೋಡಿಸುತ್ತಿದ್ದೆ, ಇನ್ವರ್ಟರಿನ ಗೊಡವೆಯೇ ಇರುತ್ತಿರಲಿಲ್ಲ. ಕೇಳಲಿಲ್ಲ. 5 ವೋಲ್ಟಿನ ಪಿಕ್ಸೆಲ್ ಸ್ಟ್ರಿಪ್ (ಒಂದೊಂದು ಲೈಟಿನ ಬಣ್ಣವನ್ನೂ ಬೇರೆ ಬೇರೆ ಬದಲಿಸಬಹುದಾದ ಪಟ್ಟಿ) ತಂದು ಸುರಿದರು. ಪೂರ್ತಿ ಬಿಳಿ ಬೆಳಗಿದರೆ ಒಂದು ಪಿಕ್ಸೆಲ್ಲಿಗೆ ಹತ್ತಿರ ಹತ್ತಿರ 60 ಮಿಲಿಆಂಪಿಯರ್, 500ಕ್ಕೆ 30 ಆಂಪಿಯರ್. ಒಂದೇ ತುದಿಯಿಂದ ಕೊಟ್ಟರೆ ವೋಲ್ಟೇಜ್ ಕುಸಿದು ಆಚೆ ತುದಿಯ ಬಿಳಿ ಕೆಂಪಾಗುತ್ತೆ, ಯಾಕಂದರೆ ನೀಲಿ, ಹಸಿರು ಎಲ್‌ಇಡಿಗೆ ಕೆಂಪಿಗಿಂತ ಹೆಚ್ಚು ವೋಲ್ಟೇಜ್ ಬೇಕು. ನಡುನಡುವೆ ಬೇರೆ ವೈರು ಎಳೆದು ಪವರ್ ಕೊಡಬೇಕು. ಅದನ್ನು ರಾತ್ರೋರಾತ್ರಿ, ಬಣ್ಣ ಒಣಗದ ಹಲಗೆಯ ಕೆಳಗೆ ಮಲಗಿಕೊಂಡು ಮಾಡಬೇಕಂತೆ.

ಹೊಟ್ಟೆ ಉರಿಸಿದ್ದು ಇದ್ಯಾವುದೂ ಅಲ್ಲ, ಜನರೇಟರ್ ವಿಷಯ. ಬ್ಯಾಟರಿ ಸಾಲಲ್ಲ ಅಂದಿದ್ದಕ್ಕೆ ಪೆಟ್ರೋಲ್ ಜನರೇಟರ್ ತಂದು, "ಚೆನ್ನಾಗಿ ಕಾಣಲ್ಲ, ಶಬ್ದ ಬೇರೆ" ಅಂತ ಗಾಡಿಯ ಕೆಳಗೆ ತಳ್ಳಿ ಸುತ್ತ ಬಟ್ಟೆ ಇಳಿಬಿಡೋಕೆ ಹೊರಟಿದ್ದರು. ಮೇಲೆ ಕೂರೋದು ಮಕ್ಕಳು! ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಇರುತ್ತೆ, ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಂತಿ, ಆಮೇಲೆ ಪ್ರಜ್ಞೆಯೇ ತಪ್ಪುತ್ತೆ. ಹಾಡಿನ ಗದ್ದಲದಲ್ಲಿ ಮಗು ಸುಸ್ತಾಗಿ ಒರಗಿದೆ ಅಂತಲೇ ಎಲ್ಲರೂ ಅಂದ್ಕೋತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಬಟ್ಟೆ, ಥರ್ಮಕೋಲ್, ಹತ್ತಿ. ನಾನು ಆಗಲ್ಲ ಅಂದೆ. "ಎಲ್ಲದಕ್ಕೂ ಅಡ್ಡಗಾಲು ಹಾಕ್ತೀರಿ" ಅಂದರು. ಹೌದು, ಹಾಕ್ತೀನಿ! ತೆರೆದ ಜಾಗದಲ್ಲಿ, ಹೊಗೆ ಮಕ್ಕಳಿಂದ ದೂರ ಹೋಗೋ ಹಾಗೆ ಇಡದಿದ್ದರೆ ಆ ಜನರೇಟರ್ ಚಾಲೂ ಆಗಲ್ಲ. ಕಿವಿಯ ಹತ್ತಿರ ಬಂದು ಎಷ್ಟು ಕೂಗಿದರೂ ಇಷ್ಟೇ.

ಮುಂದಿನ ಸಲ ಮೊದಲ ಸಭೆಗೇ ನನ್ನನ್ನು ಕರೀರಿ. ಎಷ್ಟು ವ್ಯಾಟ್, ಎಷ್ಟು ಗಂಟೆ, ಬ್ಯಾಟರಿ ಎಲ್ಲಿ ಕೂರುತ್ತೆ, ಸ್ವಿಚ್ ಯಾರ ಕೈಯಲ್ಲಿ ಅನ್ನೋದು ತೀರ್ಮಾನ ಆದಮೇಲೆ ಬಣ್ಣದ ಮಾತು ಎತ್ತಿ. ಹಿಂದಿನ ಸಂಜೆ ಬಂದು ಬಾಗಿಲು ಬಡಿದರೆ ನಾನು ತೆಗೆಯಲ್ಲ.