ಉಬ್ಬರವೇ, ಒಡ್ಡಿನಾಚೆ ನಿಲ್ಲು

ಸಮುದ್ರದ ಉಬ್ಬರ ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿ ಆಗಿದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅದು ಅಚ್ಚಾಗಿದೆ. 1991ರ ಫೆಬ್ರುವರಿ 19ಕ್ಕಿಂತ ಮೊದಲು ಕಟ್ಟಿದ ಒಡ್ಡು ಇದ್ದಲ್ಲಿ ಉಬ್ಬರದ ಗೆರೆ ಆ ಒಡ್ಡಿಗೇ ನಿಲ್ಲಬೇಕಂತೆ.

ಗೆರೆ ನಕ್ಷೆಯಲ್ಲಿ ನಿಂತಿದೆ. ನೀರು ನಿಂತಿಲ್ಲ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಒಡ್ಡು ಒಡೆದ ಕಡೆ ದಿನಕ್ಕೆ ಎರಡು ಸಲ ಒಳಗೆ ಬಂದು, ಗದ್ದೆಯೆಲ್ಲ ಸುತ್ತಾಡಿ, ಇಳಿತಕ್ಕೆ ವಾಪಸ್ ಹೋಗುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಭತ್ತ. ಗದ್ದೆಗೆ ಇಳಿದರೆ ಸೊಂಟದ ತನಕ ಉಪ್ಪುನೀರು. ಬರೆದವರು ಸುಳ್ಳು ಹೇಳಿಲ್ಲ. ಇಳಿತದ ಹೊತ್ತಿಗೆ ಬಂದಿರಬೇಕು.

ಗಜನಿ ಎಂದರೆ ಏನು ಎಂದು ಗೊತ್ತಿಲ್ಲದ ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಹೊಳೆ ಸಮುದ್ರ ಸೇರುವಲ್ಲಿನ ಉಪ್ಪು ಕೆಸರಿಗೆ ಮಣ್ಣಿನ ಒಡ್ಡು ಹಾಕಿ, ಹೊಳೆಯ ಕೈಯಿಂದ ಬಿಡಿಸಿಕೊಂಡ ನೆಲ ಅದು. ಮಾಣಿಕಟ್ಟಾ, ಮಾಸೂರು, ಹೆಗಡೆ ಕಡೆ ಹೋದರೆ ಕಾಣುತ್ತದೆ. ಒಡ್ಡಿಗೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಉಬ್ಬರಕ್ಕೆ ಬಾಗಿಲು ಹಾಕಬೇಕು, ಇಳಿತಕ್ಕೆ ತೆರೆದು ಮಳೆನೀರು ಬಿಡಬೇಕು. ಮಳೆ ಬಂದು ನೆಲದ ಉಪ್ಪು ತೊಳೆದ ಮೇಲೆ ಕಗ್ಗ ಬಿತ್ತಬೇಕು. ಈ ಕಗ್ಗ ಭತ್ತಕ್ಕೆ ಗೊಬ್ಬರ ಬೇಡ, ಔಷಧ ಬೇಡ. ಉಪ್ಪು ತಾಗಿದರೂ ಸಿಟ್ಟಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಎದ್ದು ನಿಲ್ಲುತ್ತದೆ. ಇಷ್ಟು ಸಹನೆ ಇರುವುದು ಕಗ್ಗಕ್ಕೆ ಮತ್ತು ಸರ್ಕಾರಿ ಕಚೇರಿಯ ಹೊರಗಿನ ಬೆಂಚಿಗೆ ಮಾತ್ರ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಸಿಗಡಿ, ಏಡಿ, ಮೀನು. ಒಂದೇ ನೆಲ ಮಳೆಗಾಲದಲ್ಲಿ ಗದ್ದೆ, ಆಮೇಲೆ ಹೊಳೆ.

ರೈತನಿಗೆ ಇದರಲ್ಲಿ ಗೊಂದಲವೇ ಇರಲಿಲ್ಲ. ಇದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಯಾರಿಗೋ ಅನ್ನಿಸಿದ ಮೇಲೆ ಗೊಂದಲ ಶುರುವಾಯಿತು.

1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಹೊಳೆ ತಂದು ಹಾಕಿದ ಮಣ್ಣಿಗೆ ಕಂದಾಯ ಹೇಗೆ ಹಾಕಬೇಕು, ಹೊಳೆ ಕೊಚ್ಚಿಕೊಂಡು ಹೋದ ನೆಲಕ್ಕೆ ಹೇಗೆ ಬಿಡಬೇಕು ಎಂದು 1879ರ ಮುಂಬೈ ಭೂ ಕಂದಾಯ ಕಾನೂನಿನಲ್ಲೇ ಬರೆದಿದ್ದರು. ಬ್ರಿಟಿಷರಿಗೆ ಕಂದಾಯದ ಆಸೆ ಜಾಸ್ತಿ, ನಿಜ. ಆದರೆ ಹೊಳೆ ಓಡಾಡುತ್ತದೆ ಎನ್ನುವುದಾದರೂ ಅವರಿಗೆ ಗೊತ್ತಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರ ನಮ್ಮ ಭೂ ಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಉಬ್ಬರದ ಗೆರೆಯ ಕೆಳಗಿನ ಸಮುದ್ರದ ತಳ, ಹೊಳೆಯ ತಳ ಎಲ್ಲ ಸರ್ಕಾರದ್ದು. ಈಗ ಈ ಕಾಯ್ದೆ, 2019ರ ಆ ಅಧಿಸೂಚನೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಒಡ್ಡು ಒಡೆದು ಉಬ್ಬರ ಒಳಗೆ ಬಂದಿದೆ, ಹಾಗಾಗಿ ಅದು ಹೊಳೆಯ ತಳ. ಆದರೆ ಉಬ್ಬರ ಒಡ್ಡಿನಲ್ಲೇ ನಿಂತಿದೆ, ಹಾಗಾಗಿ ಅದು ಒಣ ನೆಲ. ಎರಡೂ ಕಾನೂನು ಸರಿಯಾಗಿರಬೇಕಾದರೆ ರೈತ ಒದ್ದೆಯಾಗದೆ ಮುಳುಗಬೇಕು.

ಅಷ್ಟಕ್ಕೂ ಒಡ್ಡಿಗೆ ಮಣ್ಣು ಹೊತ್ತವರು ಯಾರು? ಗೇಣಿದಾರರು. ಗದ್ದೆ ಒಡೆಯರದ್ದು, ಬೆನ್ನು ಇವರದ್ದು. ಇಂಥ ಗೇಣಿದಾರರ ಪರ ನಿಂತದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷರು ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. 1974ರಲ್ಲಿ ಭೂ ಸುಧಾರಣೆ ಗಟ್ಟಿಯಾಗಿ ಬಂತು. ಉಳುವವನೇ ಹೊಲದೊಡೆಯ ಎಂದಾಯಿತು. ನೆಲ ತುಂಡು ತುಂಡಾಗಿ ಉಳುವವರ ಹೆಸರಿಗೆ ಬಂತು. ಬರಲೇಬೇಕಿತ್ತು. ಆದರೆ ಒಡ್ಡು ಮಾತ್ರ ಯಾರ ಹೆಸರಿಗೂ ಬರಲಿಲ್ಲ. ಒಡ್ಡನ್ನು ಉಳಲು ಆಗುವುದಿಲ್ಲ ಅಲ್ವಾ?

ಅಲ್ಲಿಂದ ಈಚೆಗೆ ಗಜನಿಗೆ ಮಾಲೀಕರ ಬರ ಬಂದಿಲ್ಲ. ಸಿಗಡಿಗೆ ಒಳ್ಳೆಯ ರೇಟು ಬಂದಾಗ ಇದು ಸಿಗಡಿ ಕೆರೆಯಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಸಿಗಡಿ ಕೃಷಿಗೆ ತಡೆ ಹಾಕಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಆಮೇಲೆ ಯಾರನ್ನು ಕೇಳಿದರೂ ಅವರದ್ದು ಅಜ್ಜನ ಕಾಲದ ಪದ್ಧತಿಯೇ, ಮೋಟಾರು ಪಂಪೂ ಅಜ್ಜನದ್ದೇ. ಮುಂದೆ ದೊಡ್ಡವರ ಕಣ್ಣು ಇದೇ ಅಳಿವೆಯ ದಂಡೆಯ ತದಡಿಯ ಮೇಲೆ ಬಿತ್ತು. ಅಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಆಗಬೇಕಿತ್ತು. ಜನ ಬಿಡಲಿಲ್ಲ. 2024ರಲ್ಲಿ ಅದೇ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಜಾಗ, ಸಿಕ್ಕಿತು. 4,801 ಹೆಕ್ಟೇರು, ಜಗತ್ತಿಗೇ ಬೇಕಾದ ಜೌಗು ಪ್ರದೇಶ. ಹೊಗೆ ಚಿಮಣಿಗೆ ಆರಿಸಿದ್ದ ಜಾಗವೇ ಈಗ ಜಗತ್ತಿನ ಆಸ್ತಿ. ಆಗ ಚಿಮಣಿ ಬೇಕು ಎಂದವರೇ ಈಗ ಹಕ್ಕಿಗಳ ಫೋಟೋ ಹಾಕಿ ಹೆಮ್ಮೆ ಪಡುತ್ತಾರೆ. ಪಡಲಿ.

ಆದರೆ ಜಗತ್ತಿಗೆ ಸೇರಿದ ಈ ನೆಲದ ಒಡ್ಡು ಒಡೆದ ದಿನ ನೋಡಿ. ಕಂದಾಯದವರಿಗೆ ಅದು ನೀರಾವರಿಯವರದ್ದು. ನೀರಾವರಿಯವರಿಗೆ ಅದು ಪಂಚಾಯಿತಿಯದ್ದು. ಪಂಚಾಯಿತಿಗೆ ಅದು ರೈತರದ್ದು. ರೈತನ ಪಹಣಿಯಲ್ಲಿ ಒಡ್ಡೇ ಇಲ್ಲ. ಪರಿಹಾರ ಕೇಳಿದರೆ, ಹೊಳೆಯಲ್ಲಿ ಬೆಳೆ ಹೇಗೆ ಹಾಳಾಯಿತು ಎನ್ನುತ್ತಾರೆ. ಮಣ್ಣು ಹಾಕಲು ಹೊರಟರೆ, ಹೊಳೆಗೆ ಯಾಕೆ ಮಣ್ಣು ಹಾಕುತ್ತೀರಿ ಎನ್ನುತ್ತಾರೆ.

ಹೀಗೆ ಒಂದು ನಾಲ್ಕು ಮಳೆಗಾಲ ಕಳೆದರೆ ಸಾಕು, ಕಾಂಡ್ಲಾ ಗಿಡ, ಅಂದರೆ ಉಪ್ಪುನೀರಲ್ಲೇ ಬೆಳೆಯುವ ಮ್ಯಾಂಗ್ರೋವ್, ಏಳುತ್ತದೆ. ಕಾಂಡ್ಲಾ ಮೇಲೆ ನನಗೆ ಸಿಟ್ಟಿಲ್ಲ. ದಂಡೆ ಕಾಯುತ್ತದೆ, ಮೀನು ಸಾಕುತ್ತದೆ. ಆದರೆ ಅದೇ 2019ರ ಅಧಿಸೂಚನೆಯ ಮುಂದಿನ ಮಾತು ಕೇಳಿ. ಉಪ್ಪುನೀರು ನುಗ್ಗಿ ಒಡ್ಡಿನ ಒಳಗೆ ಕಾಂಡ್ಲಾ ಬೆಳೆದರೆ ಅಷ್ಟೂ ಜಾಗ 'ಒಂದು-ಎ' ವಲಯ, ಅಂದರೆ ಎಲ್ಲಕ್ಕಿಂತ ಬಿಗಿಯಾದ ಕಟ್ಟುಪಾಡು. ಉಬ್ಬರ ಒಡ್ಡು ದಾಟುವಂತಿಲ್ಲ ಎಂದವರೇ, ದಾಟಿದರೆ ಏನಾಗಬೇಕು ಎಂದೂ ಬರೆದಿಟ್ಟಿದ್ದಾರೆ. ರಿಪೇರಿ ತಡವಾದಷ್ಟೂ ಗಿಡ ಬೆಳೆಯುತ್ತದೆ. ಗಿಡ ಬೆಳೆದಷ್ಟೂ ರಿಪೇರಿ ಕಷ್ಟ. ಫೈಲು ಮುಂದೆ ಹೋಗದೆ ಕಾಡು ಬೆಳೆಸುವ ಯೋಜನೆ ಇದೊಂದೇ ಇರಬೇಕು. ಸಸಿಯ ಖರ್ಚೂ ಇಲ್ಲ.

ಇನ್ನು ಇಂಥ ಗದ್ದೆಯ ರೈತ ಕಾಗದ ಸರಿಮಾಡಿಸಲು ಹೋದ ಎಂದುಕೊಳ್ಳಿ.

"ಚಕ್ಕುಬಂದಿ ಹೇಳಿ. ಪೂರ್ವಕ್ಕೆ?"

"ಹೊಳೆ."

"ಪಶ್ಚಿಮಕ್ಕೆ?"

"ಹೊಳೆ. ಉತ್ತರಕ್ಕೂ ಹೊಳೆ, ದಕ್ಷಿಣಕ್ಕೂ ಹೊಳೆ."

"ನಡುವೆ ಎಂತ ಉಂಟು ಮಾರಾಯ್ರೆ?"

"ಈಗ ಉಬ್ಬರ ಸಾಹೇಬ್ರೆ. ಸಂಜೆ ಬಂದ್ರೆ ಗದ್ದೆ ತೋರಿಸ್ತೆ."

"ಅದೆಲ್ಲ ಬೇಡ. ಪಕ್ಕದ ಜಮೀನಿನವರ ಸಹಿ ಬೇಕು. ಹೊಳೆ ಕಡೆಯವರು ಯಾರಾದ್ರೂ ಬಂದಿದ್ದಾರಾ?"