ಅಂಗಡಿ ನನ್ನದು, ಬೀಗದ ಕೈ ಅವರದು

ನಾನು ಕೇಳಿದ್ದು ಜಾಸ್ತಿ ಏನೂ ಅಲ್ಲ. ಅಮೆಜಾನ್ ಇದೆಯಲ್ಲ, ಅಂಥದ್ದೇ ಒಂದು ಆನ್‌ಲೈನ್ ಅಂಗಡಿ, ಸ್ವಲ್ಪ ಚಿಕ್ಕದು. ಮಾರುವುದು ಕೈಚೀಲ. ಎರಡು ವಾರದಲ್ಲಿ ಆಗಬೇಕು. ಆ ಅಮೆಜಾನ್ 1995ರಲ್ಲಿ ಬರೀ ಪುಸ್ತಕ ಮಾರುತ್ತಾ ಬಾಗಿಲು ತೆರೆದು, ಒಂದು ತ್ರೈಮಾಸಿಕದ ಲಾಭ ಅಂತ ಮೊದಲು ಕಂಡಿದ್ದು 2001ರ ಕೊನೆಗೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಲಾಭದ ವಿಷಯದಲ್ಲಿ ಮಾತ್ರ ನಾನು ಅವರ ದಾರಿಯಲ್ಲೇ ಇದ್ದೇನೆ.

ಸೈಟ್ ಕಟ್ಟಿಕೊಡಲು ಮೊದಲು ಸಿಕ್ಕ ಡೆವಲಪರ್ ಬರೀ ಪ್ರಶ್ನೆ ಕೇಳುವ ಮನುಷ್ಯ. ಕೊನೇ ಚೀಲಕ್ಕೆ ಇಬ್ಬರು ಒಟ್ಟಿಗೆ ಆರ್ಡರ್ ಮಾಡಿದರೆ ಯಾರಿಗೆ ಕೊಡುತ್ತೀರಿ? ವಾಪಸ್ ಬಂದರೆ ಕೊರಿಯರ್ ಖರ್ಚು ಯಾರದು? ಡೊಮೈನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿರುತ್ತೆ? ಎಲ್ಲಕ್ಕೂ ಉತ್ತರ ಬರೆದು ಕಳಿಸಿ, ಆಮೇಲೆ ದುಡ್ಡಿನ ಮಾತು ಅಂದರು. ಕೆಲಸ ಕೊಡುವ ಮುಂಚೆಯೇ ಇಷ್ಟು ತಲೆ ತಿನ್ನುವವರು ಕೊಟ್ಟ ಮೇಲೆ ಬಿಡುತ್ತಾರಾ? ಅವರಿಗೆ ಕೈಮುಗಿದೆ.

ಎರಡನೆಯವರು ಒಂದೂ ಪ್ರಶ್ನೆ ಕೇಳಲಿಲ್ಲ. "ಆಗುತ್ತೆ ಸರ್" ಅಂದರು. ಎಷ್ಟು ಹಿತವಾದ ಮಾತು ನೋಡಿ! "ಮಾಡ್ತೀನಿ" ಅಂದರೆ ಮಾಡುವವರು ಯಾರು ಅಂತ ಗೊತ್ತಾಗಿಬಿಡುತ್ತದೆ, ನಾಳೆ ಹಿಡಿದು ಕೇಳಬಹುದು. "ಆಗುತ್ತೆ"ಯಲ್ಲಿ ಆ ತೊಂದರೆ ಇಲ್ಲ. ಮಳೆ ಆಗುತ್ತೆ, ಬೆಳಗಾಗುತ್ತೆ, ಅಂಗಡಿಯೂ ಆಗುತ್ತೆ. ನಾನು ಅಲ್ಲೇ ಮುಂಗಡ ಕೊಟ್ಟೆ.

ಮುಂದಿನ ಆರು ವಾರ ಮುಖಪುಟದಲ್ಲಿ ಜಾರುವ ಚಿತ್ರಗಳಿಗೆ ಹೋಯಿತು. ಇದರಲ್ಲಿ ಅವರ ತಪ್ಪಿಲ್ಲ, ನನ್ನದೇ. ಐದು ಚಿತ್ರ ಬೇಕು, ಎಡದಿಂದ ಜಾರಬೇಕು, ಇಲ್ಲ ಬಲದಿಂದ. ಎರಡನೇ ಚಿತ್ರ ಬರುವತನಕ ಕಾಯುವ ಗಿರಾಕಿ ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂದು ಯಾರೂ ನನಗೆ ಹೇಳಲಿಲ್ಲ. "ಕೊಳ್ಳಿ" ಬಟನ್ ಹಸಿರಿರಬೇಕೋ ಕಿತ್ತಳೆಯೋ ಅಂತ ಮನೆಮಂದಿಯೆಲ್ಲ ಮತ ಹಾಕಿದರು. ದುಡ್ಡು ಬರುವ ಪುಟದ ಬಗ್ಗೆ ಮಾತಾಡಿದ್ದು ನಾಲ್ಕು ನಿಮಿಷ. ಅದರಲ್ಲೂ ಎರಡು ನಿಮಿಷ ಫೋನ್ ಕಟ್ ಆಗಿತ್ತು.

ಆಮೇಲೆ "ತೊಂಬತ್ತು ಪರ್ಸೆಂಟ್ ಮುಗಿದಿದೆ ಸರ್" ಶುರುವಾಯಿತು. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯ ಟಾಮ್ ಕಾರ್ಗಿಲ್ ಅವರದ್ದೊಂದು ಹಳೇ ತಮಾಷೆಯ ಲೆಕ್ಕ ಇದೆ. ಮೊದಲ ಶೇ. 90ರಷ್ಟು ಕೋಡ್ ಶೇ. 90ರಷ್ಟು ಸಮಯ ತಿನ್ನುತ್ತದೆ, ಉಳಿದ ಶೇ. 10ರಷ್ಟು ಕೋಡ್ ಇನ್ನೊಂದು ಶೇ. 90 ತಿನ್ನುತ್ತದೆ. ನಮ್ಮವರು ಅದನ್ನು ತಮಾಷೆ ಅಂದುಕೊಂಡಿರಲಿಲ್ಲ. ಅದೇ ಅವರ ಕ್ಯಾಲೆಂಡರ್ ಆಗಿತ್ತು.

ಅಂತೂ ಅಂಗಡಿ ತೆರೆಯಿತು. ಮೊದಲ ದಿನವೇ ಏಳು ಆರ್ಡರ್! ರಾತ್ರಿಯೆಲ್ಲ ಕೂತು ಏಳು ಚೀಲ ಪ್ಯಾಕ್ ಮಾಡಿದೆ. ಗಿರಾಕಿಯ ಹೆಸರು "ಟೆಸ್ಟ್ ಟೆಸ್ಟ್", ವಿಳಾಸ "ಎಬಿಸಿ ರಸ್ತೆ". ಆಧುನಿಕ ಹೆಸರಿರಬೇಕು ಅಂದುಕೊಂಡೆ. ಒಬ್ಬನೇ ಏಳು ಚೀಲ ಕೊಳ್ಳುತ್ತಾನೆ ಅಂದರೆ ಒಳ್ಳೇ ಅಭಿಮಾನಿಯೇ ಅಲ್ವಾ?

ದುಡ್ಡು ಮಾತ್ರ ಬ್ಯಾಂಕಿಗೆ ಬರಲಿಲ್ಲ. ಗಿರಾಕಿಯ ದುಡ್ಡನ್ನು ನಮಗೆ ದಾಟಿಸುವ ಪೇಮೆಂಟ್ ಗೇಟ್‌ವೇ ಇನ್ನೂ ಟೆಸ್ಟ್ ಮೋಡ್‌ನಲ್ಲೇ ಇತ್ತಂತೆ. ಆ ಆರ್ಡರ್‌ಗಳೆಲ್ಲ 4242 4242 4242 4242 ಎಂಬ ಕಾರ್ಡಿನವು. ಪರೀಕ್ಷೆ ಮಾಡಲೆಂದೇ ಇರುವ ಸುಳ್ಳು ಕಾರ್ಡ್ ನಂಬರ್ ಅದು. ನಿಜವಾದ ಕಾರ್ಡ್ ಹಿಡಿದು ಬಂದವರನ್ನೆಲ್ಲ ನನ್ನ ಅಂಗಡಿ ಬಾಗಿಲಲ್ಲೇ ತಡೆದು ಓಡಿಸಿತ್ತು. ಆನ್‌ಲೈನ್ ಬುಟ್ಟಿಗೆ ಸಾಮಾನು ಹಾಕಿದವರಲ್ಲಿ ಸುಮಾರು ಶೇ. 70 ಮಂದಿ ಕೊಳ್ಳದೆ ಹೋಗುತ್ತಾರೆ ಎಂದು ಬೇಮಾರ್ಡ್ ಸಂಸ್ಥೆ ಲೆಕ್ಕ ಹಾಕಿದೆ. ನಾವು ಶೇ. 100 ಸಾಧಿಸಿದೆವು.

ಎಬಿಸಿ ರಸ್ತೆ ಸಿಗದೆ ಏಳೂ ಪಾರ್ಸೆಲ್ ವಾಪಸ್ ಬಂದವು. ವಾಪಸಾತಿಗೆ ನನ್ನ ನಿಯಮ ಏನು ಅಂತ ನನ್ನದೇ ಸೈಟಿನಲ್ಲಿ ತೆಗೆದು ನೋಡಿದೆ. "ಲೊರೆಮ್ ಇಪ್ಸಮ್" ಅಂತ ಒಂದು ಪುಟ ಪೂರ್ತಿ ಇತ್ತು. ಬರಹ ಇನ್ನೂ ಬಂದಿಲ್ಲದ ಜಾಗ ತುಂಬಿಸಲು ಹಾಕುವ ಲ್ಯಾಟಿನ್ ಅಂತೆ ಅದು. ರೋಮಿನ ಸಿಸೆರೋ ಕ್ರಿ.ಪೂ. 45ರಲ್ಲಿ ಬರೆದದ್ದನ್ನು ಅಲ್ಲಲ್ಲಿ ಕತ್ತರಿಸಿ ಮಾಡಿದ್ದು. ನೋವನ್ನು ನೋವಿಗಾಗಿಯೇ ಬಯಸುವವರು ಯಾರೂ ಇಲ್ಲ ಎಂಬುದು ಮೂಲದ ಅರ್ಥ. ಸಿಸೆರೋಗೆ ನನ್ನ ಪರಿಚಯ ಇರಲಿಲ್ಲ.

ಡೆವಲಪರ್ ಫೋನ್ ಎತ್ತುವುದನ್ನು ನಿಲ್ಲಿಸಿದರು. ಸೋತು, ಆ ಪ್ರಶ್ನೆಗಳ ಮನುಷ್ಯನ ಹತ್ತಿರವೇ ಹೋದೆ. ಅವರು ಹಳೇ ಪಟ್ಟಿಯನ್ನೇ ತೆಗೆದರು. ಡೊಮೈನ್ ಯಾರ ಹೆಸರಿನಲ್ಲಿದೆ? ಎರಡನೆಯವರ ಹೆಸರಿನಲ್ಲಿ. ಹೋಸ್ಟಿಂಗ್, ಅಂದರೆ ಸೈಟ್ ಇಟ್ಟಿರುವ ಜಾಗ? ಅವರದೇ. ಅಡ್ಮಿನ್ ಪಾಸ್‌ವರ್ಡ್? ಅವರಿಗೇ ಗೊತ್ತು. ಡೊಮೈನ್ ಅನ್ನೋದು ಕೊಂಡದ್ದಲ್ಲ, ವರ್ಷಗಳ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದದ್ದು, ಅವಧಿ ಮುಗಿಯುವಾಗ ಎಚ್ಚರಿಸುವ ಇಮೇಲ್ ಕೂಡ ಅವರಿಗೇ ಹೋಗುತ್ತದೆ ಅಂದರು. ಹಾಗಾದರೆ ಇದರಲ್ಲಿ ನನ್ನದು ಅಂತ ಏನಿದೆ ಅಂದೆ. ಸ್ವಲ್ಪ ಯೋಚಿಸಿ, "ಬಟನ್ ಬಣ್ಣ ನೀವೇ ಆರಿಸಿದ್ದು ಅಲ್ವಾ?" ಅಂದರು.

ಆ ರಾತ್ರಿ ಎರಡನೆಯವರಿಗೆ ಒಂದು ಮೆಸೇಜ್ ಕಳಿಸಿದೆ. ಬೈಗುಳ ಏನೂ ಇಲ್ಲ, ತುಂಬಾ ಮರ್ಯಾದೆಯಿಂದಲೇ ಬರೆದಿದ್ದೆ. ಡೊಮೈನ್ ನನ್ನ ಹೆಸರಿಗೆ ಬರೆದುಕೊಡೋಕೆ ಆಗುತ್ತಾ ಅಂತ.

ಮೂರು ವಾರದಲ್ಲಿ ಮೊದಲ ಸಲ ಉತ್ತರ ಬಂತು. ಅದೂ ಒಂದೇ ನಿಮಿಷದಲ್ಲಿ.

"ಆಗುತ್ತೆ ಸರ್."